ಬಾಗಿಲ ಮೇಲಿನ ಸೀಮೆಸುಣ್ಣ



ಸಾರ್ವಜನಿಕ ಪ್ರಚಾರಾಂದೋಲನವೊಂದು ಮುಗಿದ ಮೇಲೆ ಇಲಾಖೆಯ ಮೇಜಿಗೆ ಬರುವ ವರದಿಯಲ್ಲಿ ಏನಿರುತ್ತದೆ? ಇಷ್ಟು ಭಿತ್ತಿಪತ್ರ ಅಚ್ಚಾಯಿತು, ಇಷ್ಟು ಊರುಗಳಲ್ಲಿ ಬೀದಿನಾಟಕ ನಡೆಯಿತು, ಆಕಾಶವಾಣಿಯಲ್ಲಿ ಇಷ್ಟು ಸಲ ಬಿತ್ತರವಾಯಿತು, ಇಂತಿಂಥ ಪತ್ರಿಕೆಗಳಲ್ಲಿ ಇಷ್ಟು ಚದರ ಸೆಂಟಿಮೀಟರ್ ಜಾಹೀರಾತು ಬಂತು, ಇಷ್ಟು ಬಸ್ಸುಗಳ ಹಿಂದೆ ಘೋಷವಾಕ್ಯ ಬರೆಸಲಾಯಿತು. ಇವೆಲ್ಲ ನಡೆದ ಕೆಲಸದ ನಿಜವಾದ ಲೆಕ್ಕವೇ. ಆದರೆ ಆ ವರದಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರೂ, ನಾವು ಯಾರಿಗೆ ಹೇಳಿದೆವೋ ಅವರು ಕೇಳಿದ ಮೇಲೆ ಏನು ಮಾಡಿದರು ಎಂಬುದು ತಿಳಿಯುವುದಿಲ್ಲ. ಇಂದು ನಿಮ್ಮ ಮುಂದೆ ಇಡಬೇಕೆಂದಿರುವ ವಾದ ಒಂದೇ. ಅಳತೆಯನ್ನು ನಾವು ಆಂದೋಲನದ ಕೊನೆಯ ಅಧ್ಯಾಯವೆಂದು ತಿಳಿದಿದ್ದೇವೆ. ನನ್ನ ದೃಷ್ಟಿಯಲ್ಲಿ ಅದು ಮೊದಲ ಅಧ್ಯಾಯ. ಏನನ್ನು ಎಣಿಸುತ್ತೇವೆಂದು ಮೊದಲ ದಿನ ಗೊತ್ತುಮಾಡುತ್ತೇವೋ ಅದರಿಂದಲೇ ಮುಂದೆ ನಮ್ಮ ಸಂದೇಶ, ನಮ್ಮ ಮಾಧ್ಯಮ, ಹಣ ಹರಿಯುವ ದಾರಿ ಎಲ್ಲವೂ ತೀರ್ಮಾನವಾಗುತ್ತವೆ. ಮತ್ತು ಮೊಟ್ಟಮೊದಲು ಎಣಿಸಬೇಕಾದದ್ದು 'ಒಲ್ಲೆ' ಎಂದವರನ್ನು, ಅವರು ಕೊಟ್ಟ ಕಾರಣದ ಸಮೇತ.

ಹೆಚ್ಚು ಹೇಳಿದರೆ ಹೆಚ್ಚು ತಿಳಿಯುತ್ತದೆ ಎಂಬ ನಂಬಿಕೆ ಹಳೆಯದು, ಅದರ ಬಗೆಗಿನ ಸಂಶಯವೂ ಹೊಸದಲ್ಲ. 1947ರಲ್ಲಿ ಹರ್ಬರ್ಟ್ ಹೈಮನ್ ಮತ್ತು ಪಾಲ್ ಶೀಟ್ಸ್ಲಿ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು ಮಾಹಿತಿ ಆಂದೋಲನಗಳು ಯಾಕೆ ಸೋಲುತ್ತವೆ ಎಂಬುದನ್ನೇ ವಿಷಯವಾಗಿಸಿ ಲೇಖನ ಬರೆದರು. ಆಸಕ್ತಿ ಇದ್ದವರೇ ಮಾಹಿತಿಯ ಬಳಿಗೆ ಬರುತ್ತಾರೆ, ಜನ ತಮಗೆ ಒಗ್ಗುವ ಮಾತನ್ನೇ ಆರಿಸಿ ಕೇಳುತ್ತಾರೆ, ಕೇಳಿದ್ದನ್ನೂ ತಮ್ಮ ಹಿಂದಿನ ಅಭಿಪ್ರಾಯಕ್ಕೆ ಹೊಂದಿಸಿಕೊಂಡೇ ಅರ್ಥಮಾಡಿಕೊಳ್ಳುತ್ತಾರೆ ಎಂಬುದು ಅವರ ವಾದ. ಅದೇ ವರ್ಷ ಓಹಾಯೊ ರಾಜ್ಯದ ಸಿನ್ಸಿನಾಟಿ ನಗರದಲ್ಲಿ, ಆಗಷ್ಟೇ ಹುಟ್ಟಿದ್ದ ವಿಶ್ವಸಂಸ್ಥೆಯನ್ನು ಜನರಿಗೆ ಪರಿಚಯಿಸಲು ಆರು ತಿಂಗಳ ಭಾರಿ ಆಂದೋಲನ ನಡೆಯಿತು. ಕರಪತ್ರ, ಭಾಷಣ, ರೇಡಿಯೊ, ಶಾಲೆ, ಚರ್ಚ್, ಸಂಘ-ಸಂಸ್ಥೆ ಯಾವುದನ್ನೂ ಬಿಡಲಿಲ್ಲ. ಶರ್ಲಿ ಸ್ಟಾರ್ ಮತ್ತು ಹೆಲೆನ್ ಹ್ಯೂಸ್ ಅದರ ಫಲವನ್ನು ಅಳೆದು 1950ರಲ್ಲಿ ಪ್ರಕಟಿಸಿದರು. ಆಂದೋಲನಕ್ಕೆ ಮೊದಲು ವಿಶ್ವಸಂಸ್ಥೆಯ ಉದ್ದೇಶದ ಬಗ್ಗೆ ಏನೂ ತಿಳಿಯದಿದ್ದವರು ಶೇ 30. ಆಂದೋಲನ ಮುಗಿದ ಮೇಲೆ ಶೇ 28. ಮಾತು ತಲುಪಿದ್ದು ಮೊದಲೇ ತಿಳಿದಿದ್ದವರಿಗೆ. ಯಾರಿಗಾಗಿ ಅಷ್ಟೆಲ್ಲ ನಡೆಯಿತೋ ಆ ಬಡವರು, ಹೆಚ್ಚು ಓದದವರು, ವಯಸ್ಸಾದವರು ಇದ್ದಲ್ಲೇ ಇದ್ದರು.

ಸಿನ್ಸಿನಾಟಿಯ ಜನರಿಗೆ ಮಾತು ತಲುಪಲೇ ಇಲ್ಲ, ಅದಕ್ಕೇ ಸೋತಿತು, ಇಂದು ಮನೆಮನೆಗೂ ತಲುಪುವ ಮಾಧ್ಯಮವಿದೆ ಎಂದು ಯಾರಾದರೂ ಹೇಳಬಹುದು. ಅದಕ್ಕೆ ಉತ್ತರವಾಗಿ ಇನ್ನೊಂದು ಉದಾಹರಣೆ ಇದೆ. 1998ರಿಂದ 2004ರವರೆಗೆ ಅಮೆರಿಕದ ಸರ್ಕಾರ ಹದಿಹರೆಯದವರನ್ನು ಮಾದಕ ವಸ್ತುಗಳಿಂದ ದೂರವಿಡಲು ಸುಮಾರು ನೂರು ಕೋಟಿ ಡಾಲರ್ ಖರ್ಚಿನಲ್ಲಿ ಮಾಧ್ಯಮ ಆಂದೋಲನ ನಡೆಸಿತು. ತಲುಪುವಿಕೆಯ ಲೆಕ್ಕದಲ್ಲಿ ಅದನ್ನು ಮೀರಿಸುವುದು ಕಷ್ಟ: ಶೇ 94ರಷ್ಟು ಮಕ್ಕಳು ತಿಂಗಳಿಗೆ ಒಂದಾದರೂ ಸಂದೇಶವನ್ನು ನೋಡಿದ್ದರು, ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಜಾಹೀರಾತು ಅವರ ಕಣ್ಣಿಗೆ ಬೀಳುತ್ತಿತ್ತು. ರಾಬರ್ಟ್ ಹಾರ್ನಿಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಮೌಲ್ಯಮಾಪನ ಹೇಳಿದ್ದು ಬೇರೆಯೇ. ಗಾಂಜಾ ಸೇವನೆಯ ಮೇಲೆ ಅಪೇಕ್ಷಿತ ಪರಿಣಾಮ ಕಾಣಲಿಲ್ಲ. ಕೆಲವು ಹಂತಗಳಲ್ಲಿ ಹೆಚ್ಚು ಜಾಹೀರಾತು ನೋಡಿದ ಮಕ್ಕಳೇ ಗಾಂಜಾದ ಕಡೆ ಹೆಚ್ಚು ವಾಲಿದ ಸೂಚನೆಯೂ ಸಿಕ್ಕಿತು. ಇದಕ್ಕೆ ಸಂಶೋಧಕರು ಊಹಿಸಿದ ಕಾರಣಗಳಲ್ಲಿ ಒಂದನ್ನು ಪ್ರಚಾರದ ಕೆಲಸದಲ್ಲಿರುವ ಎಲ್ಲರೂ ನೆನಪಿನಲ್ಲಿಡಬೇಕು. ಇಷ್ಟು ಸಲ ಬೇಡ ಬೇಡ ಎನ್ನುತ್ತಿದ್ದಾರೆಂದರೆ ನನ್ನ ವಯಸ್ಸಿನವರೆಲ್ಲ ಸೇದುತ್ತಿರಬೇಕು ಎಂದು ಮಗುವಿಗೆ ಅನ್ನಿಸಬಹುದು. ಬಾಯಿಪಾಠವಾಗುವಷ್ಟು ತಲುಪಿದ ಸಂದೇಶ ತನ್ನ ಉದ್ದೇಶಕ್ಕೇ ಎದುರಾಗಬಲ್ಲದು.

ನಮ್ಮಲ್ಲಿಯ ಅಳತೆಗೋಲುಗಳು ಯಾವುವು? ಟಿವಿಗೆ ಟಿಆರ್‌ಪಿ, ಪತ್ರಿಕೆಗೆ ಪ್ರಸಾರ ಮತ್ತು ಓದುಗರ ಸಂಖ್ಯೆ, ಮೊಬೈಲಿನಲ್ಲಿ ವೀಕ್ಷಣೆ ಮತ್ತು ಲೈಕು. ಇವೆಲ್ಲ ಹುಟ್ಟಿದ್ದು ಜಾಹೀರಾತಿನ ಜಾಗವನ್ನು ಮಾರುವವರಿಗೂ ಕೊಳ್ಳುವವರಿಗೂ ನಡುವೆ ದರ ಗೊತ್ತುಮಾಡಲು. ಆ ಕೆಲಸಕ್ಕೆ ಅವು ಬೇಕು, ಆದರೆ ಅಲ್ಲಿಯೂ ಅವುಗಳ ಬಲ ಸೀಮಿತ. 2020ರ ಹೊತ್ತಿಗೆ ಇಡೀ ದೇಶದ ಟಿವಿ ನೋಟವನ್ನು ಬಾರ್ಕ್ ಸಂಸ್ಥೆ ಸುಮಾರು 44,000 ಮನೆಗಳ ಮೀಟರ್‌ಗಳಿಂದ ಅಂದಾಜು ಮಾಡುತ್ತಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಸುದ್ದಿ ವಾಹಿನಿಗಳ ಅಂಕಿಗಳ ಬಗ್ಗೆ ವಿವಾದವೆದ್ದು, ಅವುಗಳ ಪ್ರಕಟಣೆ 2022ರ ಮಾರ್ಚ್‌ವರೆಗೆ ನಿಂತೇಹೋಗಿತ್ತು. ಪತ್ರಿಕೆಯಲ್ಲಿ ಬಂದ ಸುದ್ದಿಯ ಜಾಗವನ್ನು ಜಾಹೀರಾತಿನ ದರದಿಂದ ಗುಣಿಸಿ ಇಷ್ಟು ಲಕ್ಷದ ಪ್ರಚಾರ ಸಿಕ್ಕಿತು ಎಂದು ತೋರಿಸುವ ರೂಢಿಯೂ ಇದೆ. ಈ ಅಳತೆ ಸಂವಹನದ ಮೌಲ್ಯವಾಗಲಾರದು ಎಂದು ಮಾಪನ ಕ್ಷೇತ್ರದವರೇ 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿ ಘೋಷಿಸಿದರು. ದರ ನಿಗದಿಯ ತಕ್ಕಡಿಯಲ್ಲಿ ಜನಹಿತವನ್ನು ತೂಗಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ಸಂಸತ್ತಿನ ದಾಖಲೆ ಇದೆ. 'ಬೇಟಿ ಬಚಾವೊ ಬೇಟಿ ಪಢಾವೊ' ಯೋಜನೆಗೆ 2016ರಿಂದ 2019ರವರೆಗೆ ಬಿಡುಗಡೆಯಾದ 446.72 ಕೋಟಿ ರೂಪಾಯಿಯಲ್ಲಿ ಶೇ 78.91ರಷ್ಟು ಮಾಧ್ಯಮ ಪ್ರಚಾರಕ್ಕೇ ಹೋಯಿತೆಂದು ಮಹಿಳಾ ಸಬಲೀಕರಣ ಕುರಿತ ಸಂಸದೀಯ ಸಮಿತಿ 2021ರ ಡಿಸೆಂಬರ್‌ನಲ್ಲಿ ಹೇಳಿತು. ಶಿಕ್ಷಣ ಮತ್ತು ಆರೋಗ್ಯದ ಕಡೆಗೆ ಗಮನ ತಿರುಗಿಸಬೇಕೆಂದು ಸೂಚಿಸಿತು. ಜಾಹೀರಾತಿನ ಎಣಿಕೆಯೇ ಸಾಧನೆಯ ಎಣಿಕೆಯಾದಾಗ ಹಣವೂ ಜಾಹೀರಾತಿನ ಕಡೆಗೇ ಹರಿಯುತ್ತದೆ. ಇದರಲ್ಲಿ ಯಾರದೋ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ಅಳತೆ ಹಿಡಿದ ದಾರಿಯನ್ನೇ ಹಣವೂ ಹಿಡಿಯಿತು.

ಇದಕ್ಕೆ ಎದುರಾಗಿ ಇಡಬಹುದಾದ ನಿದರ್ಶನ ಭಾರತದ ಪೋಲಿಯೊ ಆಂದೋಲನ. ಅದನ್ನು ನಾವು ವೈದ್ಯಕೀಯ ಗೆಲುವೆಂದು ಕೊಂಡಾಡುತ್ತೇವೆ, ಸಂವಹನದ ಪಾಠವೆಂದು ಸಾಕಷ್ಟು ಓದಿಲ್ಲ. 1995ರಲ್ಲಿ ಪಲ್ಸ್ ಪೋಲಿಯೊ ದೇಶದಾದ್ಯಂತ ಆರಂಭವಾಯಿತು. ರೋಗ ಇಳಿಯುತ್ತ 2001ರಲ್ಲಿ 268 ಪ್ರಕರಣಗಳಿಗೆ ಬಂದಿತ್ತು. ಮರುವರ್ಷವೇ ಅದು 1,600ಕ್ಕೆ ಏರಿತು. ಅದರಲ್ಲಿ 1,242 ಉತ್ತರ ಪ್ರದೇಶ ಒಂದರಲ್ಲೇ. ಪಶ್ಚಿಮ ಉತ್ತರ ಪ್ರದೇಶದ ಬಡ ಕೇರಿಗಳಲ್ಲಿ, ಅದರಲ್ಲೂ ಮುಸ್ಲಿಂ ಕುಟುಂಬಗಳಲ್ಲಿ, ಜನಸಂಖ್ಯೆಯ ಪಾಲಿಗಿಂತ ಬಹಳ ಹೆಚ್ಚು ಮಕ್ಕಳು ಕಾಯಿಲೆಗೆ ತುತ್ತಾಗಿದ್ದರು. ಮಾಹಿತಿಯ ಕೊರತೆಯಿಂದ ಹೀಗಾಯಿತು ಎನ್ನುವಂತಿರಲಿಲ್ಲ. ಅಮಿತಾಭ್ ಬಚ್ಚನ್ ಅವರ ದನಿ, ಎರಡು ಹನಿಗಳ ಘೋಷವಾಕ್ಯ, ಹಳದಿ ಬ್ಯಾನರು ಎಲ್ಲೆಡೆ ಇದ್ದವು. ಹನಿ ಹಾಕುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಕೆಲವರು ಬಾಗಿಲು ಮುಚ್ಚಿಕೊಂಡರು.

ಆ ಮುಚ್ಚಿದ ಬಾಗಿಲ ಮೇಲೆಯೇ ಒಂದು ಅಳತೆಯ ವ್ಯವಸ್ಥೆ ಹುಟ್ಟಿಕೊಂಡಿತು. ಲಸಿಕೆಯ ತಂಡ ಮನೆಮನೆಗೂ ಹೋಗಿ, ಐದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ ಗೋಡೆಗೆ ಸೀಮೆಸುಣ್ಣದಿಂದ ಇಂಗ್ಲಿಷಿನ 'ಪಿ' ಅಕ್ಷರ ಬರೆಯುತ್ತಿತ್ತು. ಒಂದು ಮಗು ಉಳಿದರೂ 'ಎಕ್ಸ್'. ಹನಿ ಹಾಕಿಸಿಕೊಂಡ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿಯ ಗುರುತು. ತಂಡದ ಹಿಂದೆಯೇ ಬೇರೆ ಮೇಲ್ವಿಚಾರಕರು ಬಂದು ಗೋಡೆಯನ್ನೂ ಬೆರಳನ್ನೂ ತಾಳೆ ನೋಡುತ್ತಿದ್ದರು, ಸುಳ್ಳು 'ಪಿ' ಬರೆದಿದ್ದರೆ ಅಲ್ಲೇ ಬಯಲಾಗುತ್ತಿತ್ತು. ಇದಕ್ಕಿಂತ ಮುಖ್ಯವಾದದ್ದು, 'ಎಕ್ಸ್' ಮನೆ ಎಂದಷ್ಟೇ ಬರೆದು ಬಿಡುತ್ತಿರಲಿಲ್ಲ. ಮನೆಗೆ ಬೀಗ ಹಾಕಿತ್ತೋ, ಮಗು ಊರಲ್ಲಿ ಇರಲಿಲ್ಲವೋ, ಮಗುವಿಗೆ ಹುಷಾರಿರಲಿಲ್ಲವೋ, ಇಲ್ಲ ತಂದೆತಾಯಿ ಬೇಡವೆಂದರೋ ಎಂಬುದನ್ನು ಹಾಳೆಯಲ್ಲಿ ಬೇರೆ ಬೇರೆಯಾಗಿ ಗುರುತಿಸುತ್ತಿದ್ದರು. ಸಂವಹನದ ಯೋಜನೆಗೆ ಬೇಕಾದದ್ದೆಲ್ಲ ಆ ಹಾಳೆಯಲ್ಲಿತ್ತು ಎಂದರೆ ಅತಿಶಯೋಕ್ತಿಯಲ್ಲ. ಬೀಗ ಹಾಕಿದ ಮನೆಗೆ ಸಂದೇಶ ಬೇಕಿಲ್ಲ, ಬೇರೆ ಹೊತ್ತಿನಲ್ಲಿ ಹೋಗುವವರು ಬೇಕು. ಊರೂರು ತಿರುಗಿ ದುಡಿಯುವ ಕುಟುಂಬದ ಮಗುವನ್ನು ಮನೆಯಲ್ಲಿ ಕಾಯಬಾರದು, ಇಟ್ಟಿಗೆ ಗೂಡಿನಲ್ಲಿ, ರೈಲು ನಿಲ್ದಾಣದಲ್ಲಿ ಹುಡುಕಬೇಕು. ಜ್ವರದ ಮಗುವಿನ ತಾಯಿಗೆ ಬೇಕಾದದ್ದು ಸಣ್ಣ ಜ್ವರವಿದ್ದರೂ ಹನಿ ಹಾಕಬಹುದು ಎಂಬ ಧೈರ್ಯ, ಅದನ್ನು ಆಕೆ ನಂಬುವ ವೈದ್ಯರೇ ಹೇಳಬೇಕು. ಬೇಡವೆಂದವರಿಗೆ ಬೇಕಾದದ್ದು ಇನ್ನೂ ಬೇರೆ. ಒಂದೇ ಘೋಷವಾಕ್ಯವನ್ನು ಹತ್ತು ಪಟ್ಟು ಜೋರಾಗಿ ಕೂಗಿದ್ದರೂ ಈ ನಾಲ್ಕರಲ್ಲಿ ಒಂದು ಬಾಗಿಲೂ ತೆರೆಯುತ್ತಿರಲಿಲ್ಲ.

ಬೇಡವೆಂದವರ ಕಾರಣಗಳನ್ನು ಕಿವಿಗೊಟ್ಟು ಕೇಳಿದಾಗ ಅವು ಮೂಢನಂಬಿಕೆ ಎಂಬ ಒಂದೇ ಚೀಲಕ್ಕೆ ಹಿಡಿಸಲಿಲ್ಲ. ಇಷ್ಟೊಂದು ಸಲ ಹನಿ ಯಾಕೆ ಎಂಬುದು ಒಂದು ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆ, ಅದಕ್ಕೆ ವೈದ್ಯಕೀಯ ಉತ್ತರವೂ ಇತ್ತು: ಕಿಕ್ಕಿರಿದ, ಚರಂಡಿಯಿಲ್ಲದ, ಭೇದಿ ಸಾಮಾನ್ಯವಾದ ಕೇರಿಗಳಲ್ಲಿ ಒಂದು ಸಲದ ಹನಿ ಮಗುವಿನ ಕರುಳಿನಲ್ಲಿ ಹಿಡಿಯುವುದು ಕಡಿಮೆ. ಇದನ್ನು ಮೂವತ್ತು ಸೆಕೆಂಡಿನ ಜಾಹೀರಾತಿನಲ್ಲಿ ಹೇಳಲಾಗದು, ಜಗುಲಿಯ ಮೇಲೆ ಕೂತು ಹೇಳಬೇಕು. ಎರಡನೆಯದು, ನಮಗೆ ಕುಡಿಯುವ ನೀರಿಲ್ಲ, ಆಸ್ಪತ್ರೆಯಲ್ಲಿ ಔಷಧವಿಲ್ಲ, ಇದೊಂದು ಹನಿ ಮಾತ್ರ ತಿಂಗಳು ತಿಂಗಳೂ ಮನೆ ಬಾಗಿಲಿಗೆ ಬರುತ್ತದಲ್ಲ, ಯಾಕೆ ಎಂಬ ಅನುಮಾನ. ಮೂರನೆಯದು, ಈ ಹನಿ ನಮ್ಮ ಮಕ್ಕಳಿಗೆ ಮುಂದೆ ಮಕ್ಕಳಾಗದಂತೆ ಮಾಡಲು ಎಂಬ ಭಯ. 2001ರಲ್ಲಿ ಉತ್ತರ ಪ್ರದೇಶದಲ್ಲಿ ಯುನಿಸೆಫ್ ಮತ್ತು ಅದರ ಜೊತೆಯ ಸಂಸ್ಥೆಗಳು ಕಟ್ಟತೊಡಗಿದ ಜನಸಂಘಟನಾ ಜಾಲ ಈ ಮೂರಕ್ಕೂ ಉತ್ತರ ಕೊಡಬೇಕಾಯಿತು. ಮುಂದೆ ಸುಮಾರು ಏಳು ಸಾವಿರ ಕಾರ್ಯಕರ್ತರಿಗೆ ಬೆಳೆದ ಆ ಜಾಲದಲ್ಲಿ ಬಹುಪಾಲು ಅದೇ ಮೊಹಲ್ಲಾದ, ಅದೇ ಊರಿನ ಹೆಂಗಸರು. ಒಬ್ಬೊಬ್ಬರಿಗೆ ಸುಮಾರು ಐನೂರು ಮನೆ. ಇಮಾಮರು, ಮದರಸದ ಶಿಕ್ಷಕರು ಜೊತೆಗೂಡಿದರು. ಜಾಮಿಯಾ ಮಿಲಿಯಾ ಮತ್ತು ಅಲಿಗಢ ವಿಶ್ವವಿದ್ಯಾಲಯಗಳು ಕೈಜೋಡಿಸಿದವು. ಎರಡನೆಯ ಅನುಮಾನಕ್ಕೆ ಮಾತಿನ ಉತ್ತರ ಸಾಲುತ್ತಿರಲಿಲ್ಲ. 2009ರಲ್ಲಿ ಉತ್ತರ ಪ್ರದೇಶ ಮತ್ತು ಬಿಹಾರದ ಅತ್ಯಂತ ಅಪಾಯದ 107 ಬ್ಲಾಕುಗಳಲ್ಲಿ ಹನಿಯ ಜೊತೆಗೆ ಕೈತೊಳೆಯುವುದು, ಶೌಚ, ಎದೆಹಾಲು, ಭೇದಿಗೆ ಓಆರ್‌ಎಸ್, ಮಾಮೂಲಿ ಲಸಿಕೆಗಳನ್ನೂ ಸೇರಿಸಿದ ಯೋಜನೆ ಬಂತು. ಜನರ ಕಾರಣವನ್ನು ಎಣಿಸಿದ್ದರಿಂದ ಸಂದೇಶ ಬದಲಾಯಿತು, ಹೇಳುವ ಬಾಯಿ ಬದಲಾಯಿತು, ಕೊನೆಗೆ ಸೇವೆಯೂ ಬದಲಾಯಿತು.

ಇಲ್ಲಿ ಒಂದು ಗಂಭೀರ ಆಕ್ಷೇಪ ಏಳುತ್ತದೆ. 2002ರ ನಂತರವೂ ರೋಗ ನೇರವಾಗಿ ಇಳಿಯಲಿಲ್ಲ. 2005ರಲ್ಲಿ 66 ಇದ್ದದ್ದು 2006ರಲ್ಲಿ 676, 2007ರಲ್ಲಿ 874, 2009ರಲ್ಲಿ 741. ಆಮೇಲೆ 2010ರಲ್ಲಿ 42ಕ್ಕೆ ಬಿತ್ತು. ಆ ವರ್ಷದ ಜನವರಿಯಲ್ಲಿ ಎರಡು ಬಗೆಯ ವೈರಾಣುಗಳಿಗೆ ಒಟ್ಟಿಗೆ ಪರಿಣಾಮಕಾರಿಯಾದ ಹೊಸ ಲಸಿಕೆ ಬಳಕೆಗೆ ಬಂದಿತ್ತು. ಹಾಗಾದರೆ ಗೆದ್ದದ್ದು ಲಸಿಕೆ, ಸಂವಹನಕ್ಕೆ ಕೀರ್ತಿ ಕೊಡುವುದು ತಪ್ಪಲ್ಲವೇ? ಆಕ್ಷೇಪದ ಅರ್ಧವನ್ನು ನಾನು ಒಪ್ಪುತ್ತೇನೆ. ಆ ಇಳಿಕೆಯನ್ನು ಸಂವಹನದ ಖಾತೆಗೆ ಬರೆದುಕೊಳ್ಳುವವರು ತಪ್ಪು ಮಾಡುತ್ತಾರೆ. ಆದರೆ ಅದೇ ನ್ಯಾಯದಿಂದ, 2006 ಮತ್ತು 2007ರ ಏರಿಕೆಯನ್ನು ಸಂವಹನದ ಸೋಲೆಂದು ಬರೆಯುವುದೂ ತಪ್ಪು. ಸಂವಹನ ಯಾವುದನ್ನು ಬದಲಿಸಬಲ್ಲದೋ ಅದನ್ನೇ ಅದರ ಅಳತೆಯಾಗಿ ಇಟ್ಟುಕೊಳ್ಳಬೇಕು. ರೋಗದ ಸಂಖ್ಯೆ ಲಸಿಕೆಯ ಗುಣ, ನೀರು, ಚರಂಡಿ, ಜನಸಂದಣಿ ಎಲ್ಲದರ ಕೂಡಿದ ಫಲ. ಬೇಡವೆಂದ ಮನೆಗಳ ಸಂಖ್ಯೆ ಮಾತಿನ ಫಲ. ಹೊಸ ಲಸಿಕೆ ಬಂದ ದಿನ ಅದನ್ನು ಹಾಕಿಸಿಕೊಳ್ಳಲು ಬಾಗಿಲುಗಳು ತೆರೆದಿದ್ದವು, ಆ ತೆರೆದ ಬಾಗಿಲು ಹಿಂದಿನ ಎಂಟು ಒಂಬತ್ತು ವರ್ಷಗಳ ದುಡಿಮೆ. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹಾವ್ರಾ ಜಿಲ್ಲೆಯಲ್ಲಿ ಕಂಡದ್ದೇ ದೇಶದಲ್ಲಿ ಕಾಡು ಪೋಲಿಯೊ ವೈರಾಣುವಿನ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ಪೋಲಿಯೊಮುಕ್ತವೆಂಬ ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ ಬಂತು.

ಎರಡನೆಯ ಆಕ್ಷೇಪ ಇನ್ನೂ ಆಳವಾದದ್ದು, ಅದು ನಮ್ಮ ಇತಿಹಾಸದಿಂದಲೇ ಬರುತ್ತದೆ. ನಡವಳಿಕೆಯನ್ನು ಎಣಿಸಿ ಎನ್ನುತ್ತೀರಿ, ಎಣಿಸಿದಾಗ ಏನಾಯಿತೆಂದು ನೆನಪಿದೆಯೇ ಎಂದು ಕೇಳಬಹುದು. ಕುಟುಂಬ ಯೋಜನೆಯ ಆಂದೋಲನ ಭಾರತದ ಪ್ರಚಾರ ಕಲೆಯ ದೊಡ್ಡ ಸಾಧನೆಗಳಲ್ಲಿ ಒಂದು. ಅದರ ಬೇರು ನಮ್ಮ ನೆಲದಲ್ಲೂ ಇದೆ, 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆದಿತ್ತು. 1960ರ ದಶಕದಲ್ಲಿ ದೀಪ್ ತ್ಯಾಗಿ ಎಂಬ ಅಧಿಕಾರಿಯ ಮುಂದಾಳತ್ವದಲ್ಲಿ ಕೆಂಪು ತ್ರಿಕೋನ ಮೂಡಿತು. ಓದು ಬಾರದವರೂ ಗುರುತಿಸುವ ಚಿಹ್ನೆ, ಗೋಡೆಗೋಡೆಗೂ ಸರಳ ಮಾತು. 1968ರಲ್ಲಿ ನಿರೋಧ್ ಕಾಂಡೋಮು ಸಿಗರೇಟು, ಚಹಾಪುಡಿ, ಬ್ಯಾಟರಿ ಮಾರುವ ಕಂಪನಿಗಳ ಜಾಲದ ಮೂಲಕ ಅಂಗಡಿ ಸೇರಿತು. ಇಂಥ ಎಚ್ಚರದ ಕೆಲಸ 1976ರಲ್ಲಿ ತುರ್ತುಪರಿಸ್ಥಿತಿಯ ಕೈಗೆ ಸಿಕ್ಕಿದಾಗ ಉಳಿದದ್ದು ಒಂದೇ ಸಂಖ್ಯೆ: ಎಷ್ಟು ಸಂತಾನಹರಣ ಶಸ್ತ್ರಚಿಕಿತ್ಸೆ. ಶಿಕ್ಷಕರಿಗೆ, ಗುಮಾಸ್ತರಿಗೆ, ಪೊಲೀಸರಿಗೆ ಗುರಿ ಹಂಚಲಾಯಿತು. ಆ ಒಂದು ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು, ಗುರಿಯ ಸುಮಾರು ಇಮ್ಮಡಿ. ಅಕ್ಟೋಬರ್‌ನಲ್ಲಿ ಪಶ್ಚಿಮ ಉತ್ತರ ಪ್ರದೇಶದ ಮುಜಫ್ಫರ್‌ನಗರದಲ್ಲಿ ಪ್ರತಿಭಟಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮುಂದಿನ ಚುನಾವಣೆಯಲ್ಲಿ ಸರ್ಕಾರ ಉರುಳಿತು, ಇಲಾಖೆಯ ಹೆಸರೇ ಕುಟುಂಬ ಕಲ್ಯಾಣವೆಂದು ಬದಲಾಯಿತು. ಆದರೆ ಗುರಿ ಹಂಚುವ ಪದ್ಧತಿಯನ್ನು ಅಧಿಕೃತವಾಗಿ ಕೈಬಿಡಲು 1996ರವರೆಗೆ ಕಾಯಬೇಕಾಯಿತು.

ಈ ಆಕ್ಷೇಪಕ್ಕೆ ಉತ್ತರ ಅದೇ ಭೂಗೋಳದಲ್ಲಿದೆ. 1976ರಲ್ಲಿ ಗುಂಡು ಹಾರಿದ ಪಶ್ಚಿಮ ಉತ್ತರ ಪ್ರದೇಶವೇ ಕಾಲು ಶತಮಾನದ ಆಚೆ ಪೋಲಿಯೊ ಹನಿಗೆ ಬಾಗಿಲು ಮುಚ್ಚಿದ ಪ್ರದೇಶ. ಮಕ್ಕಳಾಗದಂತೆ ಮಾಡುತ್ತಾರೆ ಎಂಬ ಭಯ ಗಾಳಿಯಿಂದ ಬಂದದ್ದಲ್ಲ, ಸರ್ಕಾರದ ಜೀಪು ಊರಿಗೆ ಬಂದಾಗ ಏನಾಗಿತ್ತು ಎಂಬ ನೆನಪು ಅದರ ಹಿಂದೆ ಇತ್ತು. 1976ರ ಆ ಆಂದೋಲನವೂ ನಡವಳಿಕೆಯನ್ನು ಎಣಿಸಿತ್ತು ಎಂಬುದು ನಿಜ. ಅದರ ನಮೂನೆಯಲ್ಲಿ ಇಲ್ಲದ್ದು ಇನ್ನೊಂದು ಅಂಕಣ, ಬೇಡವೆಂದವರ ಅಂಕಣ. ಬೇಡವೆನ್ನುವ ಹಕ್ಕೇ ಇಲ್ಲದ ಕಡೆ ಕಾರಣ ಬರೆಯುವ ಜಾಗ ಇರುವುದಿಲ್ಲ. ಹೌದೆಂದವರನ್ನು ಮಾತ್ರ ಎಣಿಸುವ ಅಳತೆ ದಬ್ಬಾಳಿಕೆಗೆ ದಾರಿ ಮಾಡುತ್ತದೆ, ಯಾಕೆಂದರೆ ಸಂಖ್ಯೆ ಹೆಚ್ಚಿಸಲು ಅದಕ್ಕಿಂತ ಹತ್ತಿರದ ದಾರಿಯಿಲ್ಲ. ಪೋಲಿಯೊ ಕೆಲಸದಲ್ಲೂ ಅಲ್ಲಲ್ಲಿ ಅಧಿಕಾರಿಗಳು ಗದರಿಸಿ ಹನಿ ಹಾಕಿಸಿದ್ದುಂಟು, ಅದನ್ನು ಮುಚ್ಚಿಡಬಾರದು. ಆದರೆ ಆ ವ್ಯವಸ್ಥೆಯ ಒಳಗೇ ಬೇಡವೆಂದ ಮನೆ ಬೇಡವೆಂದ ಮನೆಯಾಗಿ ದಾಖಲಾಗುವ, ನಾಳೆ ಇನ್ನೊಬ್ಬರು ಬಂದು ಮಾತಾಡುವ ಅವಕಾಶ ಇತ್ತು. ಒಂದು ಆಂದೋಲನದ ಕೆಟ್ಟ ಅಳತೆಯ ಸಾಲವನ್ನು ಇಪ್ಪತ್ತೈದು ವರ್ಷಗಳ ನಂತರ ಬೇರೊಂದು ಆಂದೋಲನದ ಬಡ ಕಾರ್ಯಕರ್ತೆಯರು ಬಾಗಿಲಿಂದ ಬಾಗಿಲಿಗೆ ನಡೆದು ತೀರಿಸಿದರು.

ಸಂದೇಶದ ತಂತ್ರಗಳ ಬಗ್ಗೆ ಹೇಳಬೇಕಾದದ್ದೂ, ಕೇಳುವವರ ಮನಸ್ಸನ್ನು ಮೊದಲು ತಿಳಿಯಬೇಕೆಂಬ ಇದೇ ಬೇರಿನಿಂದ ಹೊರಡುತ್ತದೆ. ಅಮೆರಿಕದ ಅರಿಜೋನಾದ ಶಿಲೀಭೂತ ಅರಣ್ಯದಲ್ಲಿ ಪ್ರವಾಸಿಗರು ಕಲ್ಲಾದ ಮರದ ಚೂರುಗಳನ್ನು ಜೇಬಿಗೆ ಹಾಕಿಕೊಂಡು ಹೋಗುವುದನ್ನು ತಡೆಯಲು ಮನೋವಿಜ್ಞಾನಿ ರಾಬರ್ಟ್ ಸಿಯಾಲ್ಡಿನಿ ಎರಡು ಬಗೆಯ ಫಲಕಗಳನ್ನು ಪರೀಕ್ಷಿಸಿದರು. ಹಿಂದೆ ಬಂದ ಅನೇಕರು ಹೀಗೆ ಒಯ್ದು ಅರಣ್ಯ ಹಾಳಾಗಿದೆ ಎಂಬ ಫಲಕದ ಬಳಿ ಶೇ 7.92ರಷ್ಟು ಗುರುತಿಟ್ಟ ಚೂರುಗಳು ಕಳವಾದವು. ದಯವಿಟ್ಟು ಒಯ್ಯಬೇಡಿ ಎಂಬ ಫಲಕದ ಬಳಿ ಶೇ 1.67. ತಪ್ಪನ್ನು ಎಲ್ಲರೂ ಮಾಡುತ್ತಿದ್ದಾರೆ ಎಂದು ಹೇಳಿದರೆ ತಪ್ಪಿಗೆ ಜೊತೆ ಸಿಗುತ್ತದೆ. ನಮ್ಮ ಎಷ್ಟು ಜಾಹೀರಾತುಗಳು ಇಂದಿಗೂ ಇಷ್ಟು ಲಕ್ಷ ಮಂದಿ ಹೀಗೆ ಮಾಡುತ್ತಾರೆ ಎಂಬ ವಾಕ್ಯದಿಂದ ಆರಂಭವಾಗುತ್ತವೆ! ಹೆದರಿಕೆಯ ವಿಷಯವೂ ಹಾಗೆಯೇ. ಹೆದರಿಸಿ ಬಿಟ್ಟರೆ ಜನ ಮುಖ ತಿರುಗಿಸುತ್ತಾರೆ, ಹೆದರಿಕೆಯ ಪಕ್ಕದಲ್ಲೇ ಹೊರದಾರಿ ತೋರಿಸಬೇಕು. ತಂಬಾಕಿನ ಪೊಟ್ಟಣದ ಮೇಲಿನ ಭೀಕರ ಚಿತ್ರದ ಜೊತೆಗೆ 2018ರಿಂದ, ಬಿಡಲು ನೆರವಾಗುವ ಉಚಿತ ದೂರವಾಣಿ ಸಂಖ್ಯೆ ಸೇರಿದ್ದು ಅದಕ್ಕೇ ಸರಿಯಾದ ಹೆಜ್ಜೆ. ಇನ್ನು ನಮ್ಮ ಕನ್ನಡದಲ್ಲೇ 'ಆರತಿಗೊಬ್ಬಳು, ಕೀರ್ತಿಗೊಬ್ಬ' ಎಂಬ ಮಾತು ಕುಟುಂಬ ಯೋಜನೆಯ ಕಾಲದಲ್ಲಿ ಎಲ್ಲರ ನಾಲಗೆಯ ಮೇಲಿತ್ತು. ಲಯ ಚೆನ್ನಾಗಿದೆ, ನೆನಪಿನಲ್ಲಿ ಉಳಿಯುತ್ತದೆ, ನೆನಪಿನ ಪರೀಕ್ಷೆಯಲ್ಲಿ ಪೂರ್ಣ ಅಂಕ. ಆದರೆ ಇಬ್ಬರು ಹೆಣ್ಣುಮಕ್ಕಳಿರುವ ತಾಯಿಗೆ ಆ ಮಾತು ಏನು ಹೇಳುತ್ತದೆ? ಇನ್ನೂ ನಿಲ್ಲಿಸಬೇಡ, ಕೀರ್ತಿ ಬಂದಿಲ್ಲ ಎನ್ನುತ್ತದೆ. ಶಸ್ತ್ರಚಿಕಿತ್ಸೆ ಬೇಡವೆಂದವರ ಕಾರಣವನ್ನು ಮೊದಲು ಕೇಳಿದ್ದರೆ ಗಂಡುಮಗು ಬೇಕೆಂಬ ಹಂಬಲ ಎದುರಿಗೇ ನಿಂತಿರುತ್ತಿತ್ತು, ಘೋಷವಾಕ್ಯ ಬೇರೆಯಾಗುತ್ತಿತ್ತು.

ಇದೆಲ್ಲ ದುಬಾರಿ, ಪೋಲಿಯೊಗೆ ಲೋಕದ ಹಣವೆಲ್ಲ ಬಂದಿತ್ತು, ಒಂದು ಜಿಲ್ಲಾ ಪಂಚಾಯಿತಿ ಬಾಗಿಲು ಬಾಗಿಲು ಎಣಿಸಲು ಎಲ್ಲಿಂದ ತರಬೇಕು ಎಂಬ ಮಾತು ಕೊನೆಗೆ ಬಂದೇ ಬರುತ್ತದೆ. ಎಲ್ಲ ಬಾಗಿಲನ್ನೂ ಎಣಿಸಬೇಕಾಗಿಲ್ಲ. ಇಪ್ಪತ್ತು ಊರು, ಊರಿಗೆ ಮೂವತ್ತು ಮನೆ, ಆಂದೋಲನಕ್ಕೆ ಒಂದು ತಿಂಗಳು ಮೊದಲು ಒಮ್ಮೆ, ಮುಗಿದು ಮೂರು ತಿಂಗಳಾದ ಮೇಲೆ ಇನ್ನೊಮ್ಮೆ, ಜೊತೆಗೆ ಆಂದೋಲನ ನಡೆಯದ ಕೆಲವು ಊರುಗಳಲ್ಲೂ ಅದೇ ಪ್ರಶ್ನೆ. ಒಂದೆರಡು ಪೂರ್ಣಪುಟದ ಜಾಹೀರಾತಿನ ಹಣದಲ್ಲಿ ಇದು ಆಗುತ್ತದೆ. ಕೇಳಬಲ್ಲವರೂ ನಮ್ಮಲ್ಲಿ ಈಗಾಗಲೇ ಇದ್ದಾರೆ. ಪ್ರತಿ ಊರಿನ ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಕಾರ್ಯಕರ್ತೆಗೆ ಯಾರು ಯಾಕೆ ಬೇಡವೆನ್ನುತ್ತಾರೆಂದು ಗೊತ್ತಿದೆ. ಅವರು ತುಂಬುವ ನಮೂನೆಗಳಲ್ಲಿ ಅದನ್ನು ಬರೆಯುವ ಜಾಗ ಇಲ್ಲದಿದ್ದರೆ ಆ ತಿಳಿವಳಿಕೆ ಊರಲ್ಲೇ ಉಳಿಯುತ್ತದೆ. ದೊಡ್ಡ ಮಾಧ್ಯಮ ಬೇಡವೆಂದು ನಾನು ಹೇಳುತ್ತಿಲ್ಲ. ಬಚ್ಚನ್ ಅವರ ದನಿ ಕೇಳಿದ್ದ ಮನೆಯಲ್ಲಿ ಕಾರ್ಯಕರ್ತೆ ತಾನು ಯಾಕೆ ಬಂದಿದ್ದೇನೆಂದು ಮೊದಲಿನಿಂದ ವಿವರಿಸಬೇಕಾಗಿರಲಿಲ್ಲ. ಟಿವಿ ಊರಿಗೆ ವಿಷಯವನ್ನು ತರುತ್ತದೆ, ಕೊನೆಯ ಸಂಶಯವನ್ನು ನೆರೆಯವರೇ ಬಿಡಿಸಬೇಕು. ಆ ಸಂಶಯ ಓದದವರದ್ದು ಮಾತ್ರವೂ ಅಲ್ಲ. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಕರ್ನಾಟಕವೂ ಸೇರಿ ದಕ್ಷಿಣದ ಕೆಲವು ರಾಜ್ಯಗಳಲ್ಲಿ ಮೊದಲು ಆರಂಭವಾದಾಗ ವಾಟ್ಸ್ಆ್ಯಪ್‌ನಲ್ಲಿ ವದಂತಿಗಳು ಹರಿದಾಡಿದವು, ಶಾಲೆಗೆ ಹೋಗುವ ಮಕ್ಕಳ ಪೋಷಕರೂ ಹಿಂಜರಿದರು. ಈ ಸಲ ಅನುಮಾನಪಟ್ಟವರಲ್ಲಿ ಓದಿದವರೂ ಇದ್ದರು. ಹಾಗಾಗಿ ಬೇಡವೆನ್ನುವುದು ಅಜ್ಞಾನಿಗಳ ಲಕ್ಷಣ ಎಂಬ ಭಾವನೆಯನ್ನು ಇನ್ನಾದರೂ ಬಿಡಬೇಕು.

ನಮ್ಮ ರಾಜ್ಯದ ಮುಂದೆ ಈಗಲೇ ಇರುವ ಒಂದು ಕೆಲಸವನ್ನು ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ಶೇ 44.8 ಇತ್ತು, ಐದನೆಯ ಸುತ್ತಿನಲ್ಲಿ ಶೇ 47.8 ಆಯಿತು. ಕಬ್ಬಿಣಾಂಶದ ಮಾತ್ರೆ ನುಂಗಿ ಎಂಬ ಸಂದೇಶ ಕೇಳದ ಬಸುರಿ ಈ ರಾಜ್ಯದಲ್ಲಿ ಸಿಗುವುದು ಕಷ್ಟ. ಮಾತ್ರೆ ತಿಂದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತು ಎಂಬ ಭಯವಿದೆ. ಇವು ಗೊತ್ತಿರುವ ಕಾರಣಗಳು, ಪ್ರತಿಯೊಂದಕ್ಕೂ ಉತ್ತರವಿದೆ: ಊಟವಾದ ಮೇಲೆ ನುಂಗಿ, ಕಾಫಿ ಟೀ ಜೊತೆ ಬೇಡ, ಮಲ ಕಪ್ಪಾಗುವುದು ಸಹಜ, ಅದರಿಂದ ಅಪಾಯವಿಲ್ಲ. ಈ ಉತ್ತರಗಳು ನಮ್ಮ ಭಿತ್ತಿಪತ್ರಗಳಲ್ಲಿ ಮೊದಲ ಸಾಲಾಗಬೇಕು. ಎಷ್ಟು ಮಾತ್ರೆ ಹಂಚಿದೆವು ಎಂಬ ಅಂಕಣದ ಪಕ್ಕದಲ್ಲಿ ಎಷ್ಟು ಮಾತ್ರೆ ಡಬ್ಬಿಯಲ್ಲೇ ಉಳಿದವು, ಯಾಕೆ ಉಳಿದವು ಎಂಬ ಅಂಕಣ ಬರಬೇಕು.

ಸಭೆಯಲ್ಲಿ ಇಲಾಖೆಗಳ ಅಧಿಕಾರಿಗಳಿದ್ದೀರಿ, ಪತ್ರಿಕೋದ್ಯಮದ ವಿದ್ಯಾರ್ಥಿಗಳಿದ್ದೀರಿ. ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಮುಂದಿನ ಆಂದೋಲನದ ಕಡತವನ್ನು ತೆರೆದಾಗ ಘೋಷವಾಕ್ಯ ಬರೆಯುವ ಮೊದಲು, ಮಾಧ್ಯಮದ ದರಪಟ್ಟಿ ತರಿಸುವ ಮೊದಲು, ಬೇಡವೆಂದ ಮೂವತ್ತು ಮನೆಗಳಿಗೆ ಹೋಗಿ ಅವರು ಹೇಳಿದ ಕಾರಣವನ್ನು ಅವರದೇ ಮಾತಿನಲ್ಲಿ ಬರೆದುಕೊಂಡು ಬನ್ನಿ. ಆ ಹಾಳೆಯನ್ನು ಕಡತದ ಮೊದಲ ಪುಟವಾಗಿ ಹಾಕಿ, ಆಂದೋಲನ ಮುಗಿದ ಮೇಲೆ ಅದೇ ಮನೆಗಳಿಗೆ ಇನ್ನೊಮ್ಮೆ ಹೋಗಿ.